ಡೆಂಗಿ ಬಗ್ಗೆ ಡಾಕ್ಟರನ್ನು ಕೇಳಿ: ನಮ್ಮ ವಾರ್ಡ್ ಗುಂಪು, ಬೆಂಗಳೂರು

ಅಡ್ಮಿನ್: ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ಡಾಕ್ಟರ್ ಈಗ ಗುಂಪಿನಲ್ಲಿದ್ದಾರೆ. ಕೇಳಿ. ಫಾರ್ವರ್ಡ್ ಬೇಡ.

2ನೇ ಕ್ರಾಸ್: ಮೇಡಂ, ಡೆಂಗಿಯಿಂದ ಸಾಯುವವರು ಈಗ ಕಡಿಮೆ ಅಂತಾರೆ. ಮತ್ತೆ ಇಷ್ಟು ಗಾಬರಿ ಯಾಕೆ?

ಡಾಕ್ಟರ್: ಕಡಿಮೆಯಾಗಿರುವುದು ನಿಜ. 1996ರಲ್ಲಿ ದೆಹಲಿಯಲ್ಲೇ 400ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ವರ್ಷ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ನೂರು ರೋಗಿಗಳಲ್ಲಿ ಮೂವರು ಉಳಿಯಲಿಲ್ಲ. ಈಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಪರೀಕ್ಷೆ ಜಾಸ್ತಿಯಾಗಿ ಸಣ್ಣ ಕೇಸುಗಳೂ ಲೆಕ್ಕಕ್ಕೆ ಬರುತ್ತಿವೆ. ಹೊತ್ತಿಗೆ ಸರಿಯಾಗಿ ಡ್ರಿಪ್ ಹಾಕುವುದನ್ನೂ ಆಸ್ಪತ್ರೆಗಳು ಕಲಿತಿವೆ. ಆದರೆ ಈ ವೈರಸ್ಸನ್ನು ಕೊಲ್ಲುವ ಔಷಧಿ ಇನ್ನೂ ಇಲ್ಲ. ತಡವಾಗಿ ಬಂದರೆ ಅಪಾಯ ಹಾಗೇ ಇದೆ.

ಪಾರ್ಕ್ ರಸ್ತೆ ಅಂಕಲ್: ಪರಂಗಿ ಎಲೆ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತೆ ಅಂತ ಬಂದಿದೆ. ಹೌದಾ?

ಡಾಕ್ಟರ್: ಅದರಿಂದ ಜೀವ ಉಳಿಯುತ್ತೆ ಅನ್ನುವುದಕ್ಕೆ ಆಧಾರವಿಲ್ಲ. ವಾಂತಿ ಆಗುತ್ತಿರುವ ಮಗುವಿಗೆ ಆ ಕಹಿ ರಸ ಕುಡಿಸಬೇಡಿ.

5ನೇ ಕ್ರಾಸ್ ಅಮ್ಮ: ಮಗನಿಗೆ 9 ವರ್ಷ. ನಾಲ್ಕು ದಿನ ಜ್ವರ, ಡೆಂಗಿ ಪಾಸಿಟಿವ್. ಇವತ್ತು ಜ್ವರ ಬಿಟ್ಟಿದೆ. ಹೊಟ್ಟೆನೋವು ಅಂತಾನೆ, ಮೂರು ಸಲ ವಾಂತಿ. ಸುಮ್ನೆ ಮಲಗೇ ಇದ್ದಾನೆ. ಪ್ಲೇಟ್‌ಲೆಟ್ 92,000. ಗುಣ ಆಗ್ತಿದ್ದಾನೆ ಅಲ್ವಾ?

ಡಾಕ್ಟರ್: ಇಲ್ಲಮ್ಮ. ಈಗಲೇ ಮಕ್ಕಳ ವಾರ್ಡ್ ಇರುವ ಆಸ್ಪತ್ರೆಗೆ ಹೊರಡಿ. ಓದುತ್ತಾ ಕೂರಬೇಡಿ, ಆಟೋದಲ್ಲಿ ಓದಿ.

ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತೆ, ರಕ್ತ ಗಟ್ಟಿಯಾಗುತ್ತೆ, ಬಿಪಿ ಬೀಳುತ್ತೆ. ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು, ಒಸಡಿನಲ್ಲಿ ರಕ್ತ, ಇವು ಎಚ್ಚರಿಕೆ. ಕೈಕಾಲು ತಣ್ಣಗಿದೆಯಾ ಮುಟ್ಟಿ ನೋಡಿ. ಕೊನೆಗೆ ಯಾವಾಗ ಮೂತ್ರ ಮಾಡಿದ ಅಂತ ಅಲ್ಲಿನ ಡಾಕ್ಟರಿಗೆ ಹೇಳಿ. ರಿಪೋರ್ಟಿನಲ್ಲಿ ಪಿಸಿವಿ ಅಂತ ಇರುತ್ತೆ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಲೆಕ್ಕ. ಪ್ಲೇಟ್‌ಲೆಟ್ ಇಳಿಯುತ್ತಾ ಅದು ಏರುತ್ತಿದ್ದರೆ ನೀರು ಸೋರುತ್ತಿದೆ ಅಂತ ಅರ್ಥ. ಹಳೇ ರಿಪೋರ್ಟೂ ಒಯ್ಯಿರಿ. ಬ್ರೂಫೆನ್, ಆಸ್ಪಿರಿನ್ ಕೊಡಲೇಬೇಡಿ.

2ನೇ ಕ್ರಾಸ್: ಡೆಂಗಿಗೆ ಲಸಿಕೆ ಬಂದಿದೆಯಾ ಮೇಡಂ?

8ನೇ ಮೇನ್ ಬಾಡಿಗೆದಾರ: ಫಾಗಿಂಗ್ ಯಾವಾಗ ಮಾಡಿಸ್ತೀರಿ?

ಡಾಕ್ಟರ್: ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತೆ. ಮರಿಹುಳ ನಿಮ್ಮ ಡ್ರಮ್ಮಿನಲ್ಲಿದೆ. ಒಂದು ವಾರ, ಹತ್ತು ದಿನದಲ್ಲಿ ಅದೂ ಹಾರುತ್ತೆ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗಡೆ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ.

8ನೇ ಮೇನ್ ಬಾಡಿಗೆದಾರ: ನಮ್ಮ ಓನರ್ ನೀರಿನ ಸಂಪ್‌ಗೆ ಮುಚ್ಚಳವೇ ಹಾಕಿಸಿಲ್ಲ.

8ನೇ ಮೇನ್ ಓನರ್: ಇದನ್ನ ಗುಂಪಿನಲ್ಲಿ ಹಾಕಬೇಕಿತ್ತಾ? ನಿಮ್ಮ ಬಾಲ್ಕನಿ ಕುಂಡದ ತಟ್ಟೆ ನೋಡಿಕೊಳ್ಳಿ ಮೊದಲು.

8ನೇ ಮೇನ್ ಬಾಡಿಗೆದಾರ: ಜೂನ್‌ನಿಂದ ಹೇಳ್ತಾ ಇದ್ದೀನಿ ಸಾರ್.

ಆಶಾ ಕಾರ್ಯಕರ್ತೆ: ಆ ಮನೆಗೆ ಹೋದಾಗ ಗೇಟೇ ತೆಗೀಲಿಲ್ಲ. ಬಿಸಿಲಲ್ಲಿ ನಿಂತು ವಾಪಸ್ ಬಂದೆ.

8ನೇ ಮೇನ್ ಓನರ್: ಗುರುತು ಇಲ್ಲದವರನ್ನ ಒಳಗೆ ಹೇಗೆ ಬಿಡೋದು?

ಡಾಕ್ಟರ್: ಅವರ ಕತ್ತಲ್ಲಿ ಗುರುತಿನ ಚೀಟಿ ಇರುತ್ತೆ. 2024ರಲ್ಲೇ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ತಂದಿದೆ. ನಾಳೆ ಅವರ ಜೊತೆ ನಾನೂ ಬರ್ತೀನಿ. ಗೇಟ್ ತೆಗೆಯಿರಿ.

ಪಾರ್ಕ್ ರಸ್ತೆ ಅಂಕಲ್: ಕಿವಿ ಹಣ್ಣು, ಆಡಿನ ಹಾಲಂತೆ. ವಿಡಿಯೋ ಹಾಕಿದ್ದೀನಿ, ನೋಡಿ.

ಡಾಕ್ಟರ್: ತೆಗೆಯಿರಿ ಅದನ್ನ. ಇಂಥದ್ದನ್ನು ನಂಬಿ ಎರಡು ದಿನ ಕಳೆದು ಬರುತ್ತಾರೆ. ಆ ಎರಡು ದಿನ ನನಗೆ ಬೇಕು.

3ನೇ ಕ್ರಾಸ್: ಪ್ಲೇಟ್‌ಲೆಟ್ 1.1 ಲಕ್ಷ, ರಕ್ತ ಕೊಡಿಸಬೇಕಾ?

ಡಾಕ್ಟರ್: ಬೇಡ. ಮೇಲೆ ಹೇಳಿದ ಎಚ್ಚರಿಕೆಯ ಲಕ್ಷಣ ಇದೆಯಾ ನೋಡಿ. 5ನೇ ಕ್ರಾಸ್ ಅಮ್ಮ, ತಲುಪಿದಿರಾ?

5ನೇ ಕ್ರಾಸ್ ಅಮ್ಮ: ಅಡ್ಮಿಟ್ ಮಾಡ್ಕೊಂಡ್ರು. ಡ್ರಿಪ್ ಹಾಕ್ತಿದ್ದಾರೆ.