ಶಿವಮೊಗ್ಗದಲ್ಲಿ ಒಂದೇ ದಿನ ಎರಡು ಸಿನಿಮಾ: ಒಂದು ಟಿಕೆಟ್ ಸಾಕಾ?

ಕೇಳಿದವರು (ತೀರ್ಥಹಳ್ಳಿ ಕಡೆ): ನಾನು, ನನ್ನ ತಂಗಿ ಭಾನುವಾರ ಶಿವಮೊಗ್ಗಕ್ಕೆ ಬಂದು ಎರಡು ಸಿನಿಮಾ ನೋಡಬೇಕು ಅಂತಿದೀವಿ. ಅಮೆರಿಕದಲ್ಲಿ ಒಂದೇ ಟಿಕೆಟ್‌ಗೆ ಎರಡು ಚಿತ್ರ ತೋರಿಸ್ತಿದ್ರಂತೆ. ನಮ್ಮ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಮುಗಿಸಿ ಪಕ್ಕದ ಸ್ಕ್ರೀನಿಗೆ ಹೋಗಿ ಕೂತ್ರೆ ನಡೆಯತ್ತಾ? ಗೊತ್ತಿದ್ದೋರು ಹೇಳಿ.

ಸಾಗರದವರು: ಅಲ್ಲಿಯ ಕಥೆನೇ ಬೇರೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನ ಥಿಯೇಟರ್ ಕಡೆ ಬರೋದು ಕಮ್ಮಿ ಆದಾಗ ಮಾಲೀಕರೇ ಒಂದು ಟಿಕೆಟ್‌ಗೆ ಎರಡು ಚಿತ್ರ ಕೊಟ್ರು. ಎರಡನೆಯದು ಕಮ್ಮಿ ಖರ್ಚಿನ ‘ಬಿ ಪಿಕ್ಚರ್’. ಅದಕ್ಕೆ ಗಳಿಕೆಯಲ್ಲಿ ಪಾಲಿಲ್ಲ, ಇಷ್ಟು ಅಂತ ಬಾಡಿಗೆ ಕೊಟ್ಟು ತರ್ತಿದ್ರು. ನಮ್ಮಲ್ಲಿ ಟಿಕೆಟ್ ಒಂದು ಶೋಗೆ, ಒಂದು ಸೀಟಿಗೆ. ಸೀಟಿನವರು ಬಂದು ಮೊಬೈಲ್ ಬೆಳಕಲ್ಲಿ ನಂಬರ್ ತೋರಿಸಿದ್ರೆ ತಂಗಿನ ಎಬ್ಬಿಸ್ಕೊಂಡು ಹೊರಗೆ ಬರಬೇಕು. ಅದಕ್ಕಿಂತ ದೊಡ್ಡ ಮಾತು, ಸಿನಿಮಾ ಮಾಡಿದವರಿಗೆ ಹೋಗೋ ಪಾಲು ಟಿಕೆಟ್ ಲೆಕ್ಕದ ಮೇಲೆ. ಸಣ್ಣ ಕನ್ನಡ ಸಿನಿಮಾಗೆ ಎರಡನೇ ವಾರ ಶೋ ಉಳಿಯೋದೂ ಅದರ ಮೇಲೇ. ನೀವು ಕೂತು ನೋಡಿದ್ದು ಆ ಲೆಕ್ಕಕ್ಕೆ ಸೇರೋದೇ ಇಲ್ಲ. ದಯವಿಟ್ಟು ಎರಡೂ ಟಿಕೆಟ್ ತಗೊಳ್ಳಿ.

ಹೊಸನಗರದ ಹಿರಿಯರು: ಟೂರಿಂಗ್ ಟಾಕೀಸ್ ಕಾಲದಲ್ಲೂ ಹಾಗಿರಲಿಲ್ಲಪ್ಪ. ಟೆಂಟಲ್ವಾ, ಕತ್ತಲಾದ ಮೇಲೇ ಆಟ, ರಾತ್ರಿಗೆ ಎರಡು. ಮೊದಲನೇ ಆಟ ಬಿಟ್ಟ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಹೊಸ ಟಿಕೆಟ್ ಕೊಡೋರು.

ಶಿವಮೊಗ್ಗದವರು: ಎರಡು ನೋಡೋದು ಖಂಡಿತ ಆಗತ್ತೆ, ಸಮಯ ಮಾತ್ರ ಸರಿಯಾಗಿ ಹೊಂದಿಸ್ಕೊಳ್ಳಿ. ಆ್ಯಪ್‌ನಲ್ಲಿ ಎರಡೂವರೆ ಗಂಟೆ ಅಂತಿದ್ರೆ ಅದು ಬರೀ ಸಿನಿಮಾ. ಜಾಹೀರಾತು, ಇಂಟರ್ವಲ್ ಸೇರಿ ಮೂರು ಗಂಟೆ ಹತ್ತಿರ ಆಗತ್ತೆ. ಹತ್ತೂವರೆ ಶೋ ಅಂದ್ರೆ ಹೊರಗೆ ಬರೋದು ಒಂದೂವರೆ ಸುಮಾರಿಗೆ. ಮುಂದಿನದು ಎರಡೂಕಾಲರ ಮೇಲಿರಲಿ, ಊಟ ಸಮಾಧಾನವಾಗಿ ಆಗತ್ತೆ. ಎರಡೂ ಒಂದೇ ಕಾಂಪ್ಲೆಕ್ಸ್‌ನಲ್ಲಿದ್ರೆ ಅಲೆದಾಟ ಇಲ್ಲ. 2023ರ ಜುಲೈ 21ಕ್ಕೆ ‘ಬಾರ್ಬಿ’, ‘ಆಪನ್‌ಹೈಮರ್’ ಒಟ್ಟಿಗೆ ಬಂದಾಗ ಎಷ್ಟೋ ದೇಶಗಳಲ್ಲಿ ಜನ ಎರಡನ್ನೂ ಒಂದೇ ದಿನ ನೋಡಿದ್ರು, ಎರಡೆರಡು ಟಿಕೆಟ್ ತಗೊಂಡೇ. ಒಂದು ಮೂರು ಗಂಟೆದು, ಇನ್ನೊಂದು ಎರಡು ಗಂಟೆಗೂ ಕಮ್ಮಿ. ಯಾವುದು ಮೊದಲು ಅನ್ನೋದೇ ಆಗ ದೊಡ್ಡ ಚರ್ಚೆ. ನನ್ನ ಕೇಳಿದ್ರೆ ಉದ್ದದ್ದು, ಗಮನವಿಟ್ಟು ನೋಡಬೇಕಾದ್ದು ಬೆಳಿಗ್ಗೆಗೇ ಇರಲಿ. ಉಂಡು ಬಂದು ಎಸಿಯಲ್ಲಿ ಅಂಥದ್ದಕ್ಕೆ ಕೂತ್ರೆ ಕಣ್ಣು ಎಳೆಯತ್ತೆ. ನಗಿಸೋದು, ಹಾಡಿರೋದು ಮಧ್ಯಾಹ್ನಕ್ಕೆ.

ತೀರ್ಥಹಳ್ಳಿಯವರು: ಬೆಳಗಿನ ಆಟ, ಮ್ಯಾಟ್ನಿ ಎರಡಕ್ಕೇ ನಿಲ್ಲಿಸಿ, ಸಂಜೆಯ ಫಸ್ಟ್ ಶೋ ಆಸೆ ಬೇಡ. ದಾರಿ ಅರವತ್ತು ಕಿಲೋಮೀಟರ್. ಮಳೆಗಾಲದಲ್ಲಿ ಮಂಡಗದ್ದೆ ಕಡೆ ಒಂದು ಮರ ಬಿತ್ತು ಅಂದ್ರೆ ಬಸ್ಸು ನಿಂತಲ್ಲೇ. ತೀರ್ಥಹಳ್ಳಿಯಿಂದ ಒಳಗಿನ ಹಳ್ಳಿಗೆ ಹೋಗೋ ಕೊನೇ ಬಸ್ ತಪ್ಪಿದ್ರೆ ಆಟೋಕ್ಕೆ ಕೊಡೋ ದುಡ್ಡಲ್ಲಿ ಇನ್ನೆರಡು ಸಿನಿಮಾ ಆಗತ್ತೆ. ಬೆಳಿಗ್ಗೆ ಬರುವಾಗಲೇ ಕಂಡಕ್ಟರ್ ಹತ್ರ ವಾಪಸ್ ಬಸ್ಸಿನ ಟೈಮ್ ಕೇಳ್ಕೊಂಡು, ಆಮೇಲೆ ಎರಡನೇ ಟಿಕೆಟ್ ಬುಕ್ ಮಾಡಿ.