ಪುಟ್ಟಿ, ಕಲ್ಲಿನ ಕಮಾನಿನ ಫೋಟೋ ಬಗ್ಗೆ ಕೇಳಿದ್ದೆಯಲ್ಲ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಸಂಜೆ ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಗ್ರೂಪಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಅಮೆರಿಕದ ಕೆಂಟಕಿಯ ರೆಡ್ ರಿವರ್ ಗಾರ್ಜ್ ಕಣಿವೆಯಲ್ಲಿ ಗ್ರೇಸ್ ಆರ್ಚ್ ಅನ್ನುವ ಕಲ್ಲಿನ ಕಮಾನಿನ ಹತ್ತಿರ ತೆಗೆದ ನಾಲ್ಕು ಫೋಟೋ ಹಾಕಿದ್ದೀಯ. "ಅಲ್ಲಿ ನಿಂತಾಗ ಮೈ ಜುಂ ಅಂದಿತ್ತು ಚಿಕ್ಕಮ್ಮ, ಫೋಟೋದಲ್ಲಿ ಏನೂ ಇಲ್ಲ. ಶನಿವಾರ ಮತ್ತೆ ಹೋಗುತ್ತಿದ್ದೇನೆ, ಏನು ಮಾಡಲಿ" ಅಂತ ಕೇಳಿದ್ದೀಯ. ನಾಲ್ಕನ್ನೂ ದೊಡ್ಡದು ಮಾಡಿ ನೋಡಿದೆ. ಕಲ್ಲು ಚೆನ್ನಾಗಿ ಬಂದಿದೆ. ಆದರೆ ಕಲ್ಲಿನ ಕೆಳಗಿನ ಕಂಡಿ ಇದೆಯಲ್ಲ, ಅಲ್ಲಿ ಬಿಳಿ ಹಾಳೆ ಅಂಟಿಸಿದ ಹಾಗಿದೆ. ಆ ಕಂಡಿ ಇರುವುದಕ್ಕೇ ಅದು ಕಮಾನು, ಇಲ್ಲದಿದ್ದರೆ ಬರೀ ಬಂಡೆ ಅಲ್ವಾ? ಕಂಡಿಯೊಳಗೆ ಮರವೋ ಬೆಟ್ಟವೋ ಮಂಜೋ ಏನಾದರೂ ಕಾಣಬೇಕು. ಇನ್ನು ಮೇಲೆ ಮೊದಲು ಅದನ್ನು ನೋಡು, ಆಮೇಲೆ ಕಲ್ಲು.

ನೀನು ಹೋಗಿದ್ದು ನಡುಮಧ್ಯಾಹ್ನ, ನೆರಳು ನೋಡಿದರೇ ಗೊತ್ತಾಗುತ್ತದೆ. ಕಮಾನಿನ ಹೊಟ್ಟೆ ಕತ್ತಲು, ಆಚೆ ಆಕಾಶ ಉರಿ ಬಿಸಿಲು. ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ಹಿಡಿಯುವುದು ಕ್ಯಾಮೆರಾಗೆ ಕಷ್ಟ. ಟ್ರೈಪಾಡ್ ಮೇಲಿಟ್ಟು, ಅಲುಗಾಡಿಸದೆ, ಮೂರು ಸಲ ತೆಗೆ. ಒಂದು ಆಕಾಶಕ್ಕೆ, ಒಂದು ನಡುವಿನ ಬೆಳಕಿಗೆ, ಒಂದು ಕಲ್ಲಿಗೆ, ಎರಡೆರಡು ಸ್ಟಾಪ್ ಅಂತರ ಇಟ್ಟುಕೊಂಡು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಮನೆಗೆ ಬಂದು ಮೂರನ್ನೂ ಸೇರಿಸು. ಅದಕ್ಕಿಂತ ಸುಲಭ ಅಂದರೆ ಮೋಡ ಮುಚ್ಚಿದ ದಿನ ಹೋಗುವುದು. ಎಲ್ಲರೂ ಬಿಸಿಲಿಗೆ ಕಾಯುತ್ತಾರೆ, ಕಾಡಿಗೆ ಮೋಡವೇ ಒಳ್ಳೆಯದು. ಮಳೆ ನಿಂತ ಮರುದಿನ ಸಿಕ್ಕರಂತೂ ಬಿಡಬೇಡ. ಮೇಪಲ್ ಎಲೆ ತೊಳೆದಿಟ್ಟ ಹಾಗಿರುತ್ತದೆ. ಒದ್ದೆ ಎಲೆಯ ಮೇಲೆ ಬೆಳ್ಳಗೆ ಮಿಂಚು ಕೂತಿರುತ್ತದಲ್ಲ, ಲೆನ್ಸ್ ಮುಂದೆ ಹಾಕುವ ಪೋಲರೈಜರ್ ಫಿಲ್ಟರ್ ತಿರುಗಿಸುತ್ತಾ ಹೋದರೆ ಅದು ಕರಗಿ ಒಳಗಿನ ಕೆಂಪು ಮೇಲೆ ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಸುಮಾರು 8 ಗಂಟೆಗೆ, ಹಾಗಾಗಿ ಬೇಗ ತಲುಪುವುದು ಕಷ್ಟವೇನಲ್ಲ.

ಇನ್ನೊಂದು, ನೀನು ನಿಂತ ಜಾಗ. ನಾಲ್ಕೂ ಫೋಟೋ ದಾರಿಯಲ್ಲೇ ನಿಂತು ತೆಗೆದಿದ್ದು. ಕಮಾನಿನ ಕೆಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು ಆಚೆಗೆ ನೋಡು. ಕಲ್ಲು ಮೇಲೆ ತೋರಣದ ಹಾಗೆ ಬಾಗುತ್ತದೆ, ಕಾಡು ಬಾಗಿಲಾಚೆಯ ಅಂಗಳದ ಹಾಗೆ ಕಾಣುತ್ತದೆ. ಕಲ್ಲಿನ ಮೈಯನ್ನೂ ಒಮ್ಮೆ ಮೆಲ್ಲಗೆ ಮುಟ್ಟು. ಬೆರಳಿಗೆ ಮರಳಿನ ಕಣ ಹತ್ತುತ್ತದೆ. ಅದು ಮರಳುಗಲ್ಲು. ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಕಣಗಳು ಸಡಿಲಾಗಿ ಉದುರುತ್ತವೆ. ಕಿರಿದಾದ ದಿಬ್ಬವನ್ನು ಎರಡೂ ಕಡೆಯಿಂದ ಹೀಗೆ ತಿಂದು ತಿಂದು ತೂತಾಗಿದ್ದೇ ಈ ಕಮಾನು.

ತಿರುಮಲದ ಶಿಲಾತೋರಣ ಎಲ್ಲರೂ ನೋಡಿದ್ದೇವಲ್ಲ, ಅದರ ಅಗಲ 8 ಮೀಟರ್, ಎತ್ತರ 3 ಮೀಟರ್. ಆ ಕಣಿವೆಯ ಹತ್ತಿರವೇ ಇರುವ ನ್ಯಾಚುರಲ್ ಬ್ರಿಡ್ಜ್ ಅನ್ನುವ ಇನ್ನೊಂದು ಕಲ್ಲಿನ ಕಮಾನು ಸುಮಾರು 24 ಮೀಟರ್ ಅಗಲ, 20 ಮೀಟರ್ ಎತ್ತರ. ಫೋಟೋದಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕೆಳಗೆ ಯಾರನ್ನಾದರೂ ನಿಲ್ಲಿಸು, ಸುಮ್ನೆ ನಿಂತರೆ ಸಾಕು, ಪೋಸ್ ಬೇಡ. ಅಕ್ಕ, ನೀನು ಬಂದಾಗ ಆ ನ್ಯಾಚುರಲ್ ಬ್ರಿಡ್ಜ್‌ಗೇ ಕರೆದುಕೊಂಡು ಹೋಗುತ್ತೇನೆ. ತಂತಿಯ ಮೇಲೆ ಕುರ್ಚಿಯಲ್ಲಿ ಕೂತು ಹೋಗುವ ಸ್ಕೈಲಿಫ್ಟ್ ಇದೆ, ಮೊಣಕಾಲಿಗೆ ಜಾಸ್ತಿ ಕಷ್ಟ ಆಗುವುದಿಲ್ಲ.

ಬಂಡೆಯಡಿ ಒಣ ಮರಳಿನಲ್ಲಿ ಸಣ್ಣ ಹಳದಿ ಹೂವಿನ ಗಿಡ ಕಂಡರೆ ಟ್ರೈಪಾಡ್ ಕಾಲು ದೂರ ಇಡು. ಎಲೆ, ಕಾಂಡದ ಮೇಲೆ ಬಿಳಿ ನವಿರು ಕೂದಲಿರುತ್ತದೆ. ವೈಟ್ ಹೇರ್ಡ್ ಗೋಲ್ಡನ್‌ರಾಡ್ ಅಂತ, ಇಡೀ ಪ್ರಪಂಚದಲ್ಲಿ ಈ ಕಣಿವೆಯ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಇಲ್ಲ. ಜನ ತುಳಿದು ತುಳಿದು ಅಳಿದುಹೋಗುವ ಅಪಾಯಕ್ಕೆ ಬಂದಿತ್ತು. ಕಾಪಾಡಿಕೊಂಡು ಬಂದಿದ್ದಕ್ಕೆ 2016ರಲ್ಲಿ ಅಮೆರಿಕ ಸರ್ಕಾರದ ಅಪಾಯದಲ್ಲಿರುವ ಗಿಡಗಳ ಪಟ್ಟಿಯಿಂದ ಹೊರಗೆ ಬಂತು. ಈ ಕಣಿವೆಯೂ ಹಾಗೆಯೇ ಉಳಿದಿದ್ದು. 1960ರ ದಶಕದಲ್ಲಿ ಇಲ್ಲಿ ಅಣೆಕಟ್ಟು ಕಟ್ಟಲು ಹೊರಟಿದ್ದರು. 1967ರ ನವೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರೇ ಬಂದು, ಬೇಡ ಎಂದು ಜನರ ಜೊತೆ ಈ ಕಾಡಿನಲ್ಲಿ ನಡೆದರು. ಅಣೆಕಟ್ಟು ಕೊನೆಗೂ ಬರಲಿಲ್ಲ. ನಾನು ಅಲ್ಲಿ ನಡೆಯುವಾಗಲೆಲ್ಲ ಆ ಜನರನ್ನು ನೆನೆಯುತ್ತೇನೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕ್ಯಾಮೆರಾದಲ್ಲಿ ಕಣ್ಣಿಟ್ಟು ಒಂದು ಹೆಜ್ಜೆಯೂ ಹಿಂದೆ ಇಡಬೇಡ. ನ್ಯಾಚುರಲ್ ಬ್ರಿಡ್ಜ್ ಮೇಲೆ ಕಟಕಟೆ ಇಲ್ಲ. ಎರಡು ವರ್ಷದ ಹಿಂದೆ ನಾನು ಹಾಗೇ ಹಿಂದೆ ಸರಿಯುತ್ತಿದ್ದೆ, ನಿನ್ನ ಚಿಕ್ಕಪ್ಪ ಬ್ಯಾಗ್ ಹಿಡಿದು ಎಳೆದರು. ತಿರುಗಿ ನೋಡಿದರೆ ಅಂಚು ಎರಡು ಮೊಳ ದೂರ ಇತ್ತು. ಆ ದಿನ ಮತ್ತೆ ಫೋಟೋ ತೆಗೆಯಲಿಲ್ಲ. ಜಾಗ ಬದಲಿಸಬೇಕಾದರೆ ಕ್ಯಾಮೆರಾ ಇಳಿಸು, ತಿರುಗಿ ನೋಡು, ಆಮೇಲೆ ನಡೆ.

ಶುಕ್ರವಾರ ರಾತ್ರಿ ಇಲ್ಲಿಗೇ ಬಂದುಬಿಡು, ಸಿನ್ಸಿನಾಟಿಯಿಂದ ಕಣಿವೆಗೆ ಎರಡು-ಎರಡೂವರೆ ಗಂಟೆ ದಾರಿ, ಬೆಳಗಿನ ಜಾವ ಹೊರಡಬಹುದು. ನನ್ನ ಟ್ರೈಪಾಡ್ ತಗೊಂಡು ಹೋಗು. ಪೋಲರೈಜರ್ ನಿನ್ನ ಲೆನ್ಸಿಗೆ ಕೂರುತ್ತದಾ ಅಂತ ರಾತ್ರಿಯೇ ನೋಡೋಣ. ಬುತ್ತಿಗೆ ಚಿತ್ರಾನ್ನ ಕಲಸಿಡುತ್ತೇನೆ.