ದಿನಾ ಬಾದಾಮಿ, ಅಕ್ರೋಟ ತಿಂದರೆ ಹೃದಯಕ್ಕೆ ಒಳ್ಳೆಯದಾ?

ಪ್ರಶ್ನೆ:
ಅಪ್ಪನಿಗೆ 61 ವರ್ಷ. ಹೋದ ತಿಂಗಳು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148 ಬಂತು, ಸಿಆರ್‌ಪಿ (ಮೈಯಲ್ಲಿನ ಉರಿಯೂತ ತೋರಿಸುವ ರಕ್ತಪರೀಕ್ಷೆ) ಕೂಡ ಸ್ವಲ್ಪ ಜಾಸ್ತಿ. ಸಂಜೆ ಬಿಸ್ಕೆಟ್ ಬಿಡಿಸಿ, ಚಿಕ್ಕ ಬಟ್ಟಲಲ್ಲಿ ಬಾದಾಮಿ, ಅಕ್ರೋಟ ಇಡುತ್ತಿದ್ದೇನೆ. ಅಕ್ರೋಟ ಮುರಿದು, ಬೆರಳಿಗೆ ಅಂಟಿದ ಎಣ್ಣೆ ತೋರಿಸಿ, "ಇದೂ ಕೊಬ್ಬೇ ಅಲ್ವಾ?" ಅನ್ನುತ್ತಾರೆ. ಏನು ಹೇಳಲಿ? ಉರಿಯೂತ ಇಳಿಯುತ್ತದಾ?

ಉತ್ತರ 1:
ಕೊಬ್ಬು ಹೌದು, ಆದರೆ ಬಹುಪಾಲು ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು. ಬೆಣ್ಣೆಯಂಥದ್ದರ ಬದಲು ಇದನ್ನು ತಿಂದರೆ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಸ್ಪೇನ್‌ನ ಪ್ರೆಡಿಮೆಡ್ ಅಧ್ಯಯನದಲ್ಲಿ ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ ಜೊತೆ ದಿನಕ್ಕೆ 30 ಗ್ರಾಂ ಅಕ್ರೋಟ, ಬಾದಾಮಿ, ಹೇಜಲ್‌ನಟ್ ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟು ಸೇರಿ ಸುಮಾರು ಶೇ. 28ರಷ್ಟು ಕಡಿಮೆ ಕಂಡವು. 2013ರ ವರದಿಯಲ್ಲಿ ಗುಂಪು ಹಂಚಿದ ರೀತಿಯಲ್ಲಿ ದೋಷ ಸಿಕ್ಕಿ, 2018ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ.

ಸಿಆರ್‌ಪಿ ವಿಷಯದಲ್ಲಿ ಅಷ್ಟು ಆಸೆ ಬೇಡ. ಕೆಲವು ಅಧ್ಯಯನಗಳಲ್ಲಿ ಇಳಿದಿದೆ, ಇನ್ನು ಕೆಲವುಗಳಲ್ಲಿ ಏನೂ ಆಗಿಲ್ಲ. ನೆಗಡಿ, ಹಲ್ಲಿನ ಸೋಂಕು ಇದ್ದರೂ ಅದು ಏರುತ್ತದೆ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಉತ್ತರ 2:
ನಾನು ಒಂದು ವರ್ಷದಿಂದ ತಿನ್ನುತ್ತಿದ್ದೇನೆ. ಮೊದಲು ಸುಮ್ನೆ ಕೈ ಹಾಕಿ ತಿನ್ನುತ್ತಿದ್ದೆ, ತೂಕ ಏರಿತು. ತಕ್ಕಡಿಗೆ ಹಾಕಿದಾಗ ಗೊತ್ತಾಯಿತು: 30 ಗ್ರಾಂ ಅಂದರೆ 25 ಬಾದಾಮಿಯ ಹತ್ತಿರ. ಉಪ್ಪು ಹಾಕಿದ್ದು ಬೇಡ, ಬಿಪಿ ಇದ್ದರಂತೂ ಬೇಡವೇ ಬೇಡ. ವೈದ್ಯರು ಮಾತ್ರೆ ಕೊಟ್ಟಿದ್ದರೆ ದಯವಿಟ್ಟು ಅದನ್ನು ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಈಗಲೇ ತೂಗಿ ನೋಡಿದೆ, ಬಟ್ಟಲಲ್ಲಿ 52 ಗ್ರಾಂ ಇತ್ತು! ನಾಳೆಯಿಂದ ಅಳತೆ.